ಮಾವನ ಮೇಲ್ವಿಚಾರಣೆಯಲ್ಲಿ ವಿಶ್ರಾಂತಿ

ಪಕ್ಕದಲ್ಲಿ ಒಬ್ಬರು ಕೂತು ನೋಡುತ್ತಿದ್ದರೆ ಮಾಡಲಾಗದ ಕೆಲಸಗಳು ಮನುಷ್ಯನಿಗೆ ಕೆಲವು ಇವೆ. ನನ್ನ ಮಟ್ಟಿಗೆ ಅವುಗಳಲ್ಲಿ ಮುಖ್ಯವಾದವು ನಿದ್ದೆ ಮತ್ತು ಓದು. ಎದುರಿಗೆ ಕೂತು ‘ಹೂಂ, ಮಲಗು’ ಅಂದರೆ ಎಂಥ ಸೋಮಾರಿಗೂ ಎಚ್ಚರವಾಗಿಬಿಡುತ್ತದೆ. ‘ಹೂಂ, ಓದು’ ಅಂದರೆ ಎಂಥ ಬುದ್ಧಿವಂತನಿಗೂ ಆಕಳಿಕೆ ಬರುತ್ತದೆ. ಇದನ್ನು ನಾನು ಯಾವ ಪುಸ್ತಕದಿಂದಲೂ ತಿಳಿದುಕೊಳ್ಳಲಿಲ್ಲ. ಅರವತ್ತರ ದಶಕದ ಮೊದಮೊದಲ ವರ್ಷಗಳಲ್ಲಿ, ಒಂದು ದಸರಾ ರಜದಲ್ಲಿ, ಜಯನಗರದ ನಮ್ಮ ಸೋದರಮಾವನ ಮನೆಯಲ್ಲಿ ಹದಿನೆಂಟು ದಿನ ಎರಡನ್ನೂ ಮೇಲ್ವಿಚಾರಣೆಯಲ್ಲಿ ಮಾಡಿ, ಎರಡರಲ್ಲೂ ಸೋತು ಕಲಿತೆ. ಸೋತದ್ದನ್ನು ಹೇಳಿಕೊಳ್ಳುವುದಕ್ಕೆ ಈಗ ನಾಚಿಕೆಯಿಲ್ಲ. ಅಂದು ನನ್ನನ್ನು ನೋಡುತ್ತಿದ್ದವರು ಯಾರೂ ಈಗ ನೋಡುತ್ತಿಲ್ಲವಲ್ಲ.

ನಾನಾಗ ಗಣಿತದ ಆನರ್ಸ್ ಎರಡನೆಯ ವರ್ಷದಲ್ಲಿದ್ದೆ. ಗಣಿತವನ್ನೇ ಯಾಕೆ ಆರಿಸಿಕೊಂಡೆ ಎಂದು ಕೇಳಬೇಡಿ. ಪಿ.ಯು.ಸಿ.ಯಲ್ಲಿ ಒಳ್ಳೆಯ ಅಂಕ ಬಂದಿತ್ತು, ಒಳ್ಳೆಯ ಅಂಕ ಬಂದವನು ಗಣಿತ ತೆಗೆದುಕೊಳ್ಳಬೇಕೆಂದು ಅಕ್ಕಿಪೇಟೆಯ ನಮ್ಮ ವಠಾರದಲ್ಲಿ ಎಂಟು ಮನೆಯವರೂ ಹೇಳಿದರು, ನಾನು ತೆಗೆದುಕೊಂಡೆ. ಆ ಎಂಟು ಮನೆಯವರಲ್ಲಿ ಒಬ್ಬರೂ ಆಮೇಲೆ ನನ್ನ ಜೊತೆ ಕೂತು ಲೆಕ್ಕ ಮಾಡಿಕೊಡಲಿಲ್ಲ. ರಜಕ್ಕೆ ಮುಂಚಿನ ಪರೀಕ್ಷೆಯಲ್ಲಿ ನನಗೆ ಎಷ್ಟು ಬಂತೆಂದು ಬರೆಯುವ ಅಗತ್ಯವಿಲ್ಲ. ಬರೆದರೆ ಒಂದೇ ಅಂಕಿ ಸಾಕಾಗುತ್ತದೆ. ನಮ್ಮ ಗಣಿತದ ಪ್ರೊಫೆಸರು ಒಳ್ಳೆಯ ಮನುಷ್ಯರು. ಉತ್ತರಪತ್ರಿಕೆಯನ್ನು ಮಡಿಚಿ, ಯಾರಿಗೂ ಕಾಣದ ಹಾಗೆ ನನ್ನ ಕೈಗೆ ಕೊಟ್ಟರು. “ಕಾಲೇಜು ತೆಗೆದ ದಿನ ನಿನಗೊಬ್ಬನಿಗೇ ಇನ್ನೊಂದು ಪರೀಕ್ಷೆ ಕೊಡ್ತೀನಿ. ಅದರಲ್ಲೂ ಹೀಗೇ ಆದ್ರೆ ಆನರ್ಸ್ ಬಿಟ್ಟುಬಿಡು. ರಜದಲ್ಲಿ ಚೆನ್ನಾಗಿ ಓದು, ಚೆನ್ನಾಗಿ ವಿಶ್ರಾಂತೀನೂ ತಗೋ. ಎರಡೂ ಸಮವಾಗಿರ್ಲಿ” ಎಂದರು. ಈ ಕೊನೆಯ ಮಾತನ್ನು ಮನೆಗೆ ಬಂದು ಅಮ್ಮನಿಗೆ ಹೇಳಿದೆ. ಅದೇ ನಾನು ಮಾಡಿದ ತಪ್ಪು.

ಅಪ್ಪ ಬೆಲ್ಲದ ಮಂಡಿಯಲ್ಲಿ ಗುಮಾಸ್ತರು. ನಮ್ಮ ವಠಾರಕ್ಕೆ ಒಂದೇ ನಲ್ಲಿ. ನೀರು ಬಂದರೆ ಜಗಳ, ಬರದಿದ್ದರೆ ಅದಕ್ಕಿಂತ ದೊಡ್ಡ ಜಗಳ. ಎದುರುಮನೆಯಲ್ಲಿ ಹೊಲಿಗೆ ಯಂತ್ರ, ಮೂಲೆಮನೆಯಲ್ಲಿ ರೇಡಿಯೊ. ಅಲ್ಲಿ ಓದುವುದಕ್ಕೂ ಆಗದು, ಮಲಗುವುದಕ್ಕೂ ಆಗದು ಎಂದು ಅಮ್ಮ ತೀರ್ಮಾನಿಸಿ, ಪ್ರೊಫೆಸರರ ಮಾತನ್ನು ಅಕ್ಷರ ಬಿಡದೆ ಸೇರಿಸಿ ತನ್ನ ಅಣ್ಣನಿಗೆ ಕಾಗದ ಬರೆದಳು. ಮೂರನೆಯ ದಿನ ಉತ್ತರ ಬಂತು: ‘ಹುಡುಗನನ್ನು ಕೂಡಲೇ ಕಳುಹಿಸುವುದು. ಉಳಿದದ್ದು ನನಗೆ ಬಿಡುವುದು.’

ಸದಾಶಿವಯ್ಯ ಮಾವ ಯಾವುದೋ ಸರ್ಕಾರಿ ಕಚೇರಿಯಲ್ಲಿ ಸೂಪರಿಂಟೆಂಡೆಂಟ್ ಆಗಿದ್ದು ಆಗಷ್ಟೇ ನಿವೃತ್ತರಾಗಿದ್ದರು. ಇದ್ದ ಒಬ್ಬಳು ಮಗಳು ಮದುವೆಯಾಗಿ ದಾವಣಗೆರೆಯಲ್ಲಿದ್ದಳು. ಜಯನಗರದಲ್ಲಿ ಹೊಸದಾಗಿ ಮನೆ ಕಟ್ಟಿಸಿಕೊಂಡು ಮಾವ, ಗಿರಿಜತ್ತೆ ಇಬ್ಬರೇ ಇದ್ದರು. ಜಯನಗರ ಎಂದರೆ ಆಗ ಒಂದು ಮನೆ, ನಾಲ್ಕು ಖಾಲಿ ಸೈಟು, ಮತ್ತೊಂದು ಮನೆ. ಖಾಲಿ ಸೈಟುಗಳಲ್ಲಿ ಯಡಿಯೂರಿನ ಮುನಿಯಪ್ಪನ ಎಮ್ಮೆಗಳು ಮೇಯುತ್ತಿದ್ದವು. ಆ ಜಾಗವೆಲ್ಲ ಒಂದು ಕಾಲಕ್ಕೆ ಅವನದೇ ರಾಗಿ ಹೊಲ. ಹೊಲ ಹೋಗಿ ಸೈಟಾದ ಸಂಗತಿಯನ್ನು ಯಾರೂ ಎಮ್ಮೆಗಳಿಗೆ ತಿಳಿಸಿರಲಿಲ್ಲ. ಬಸ್ಸಿಳಿದು ಟ್ರಂಕು ಹೊತ್ತು ನಡೆದುಬರುವಾಗ ಆ ನಿಶ್ಶಬ್ದ ಕೇಳಿ ನನಗೆ ನಿಜವಾಗಿಯೂ ಸಂತೋಷವಾಯಿತು. ಇಲ್ಲಿ ಓದಿದರೆ ಓದು, ಮಲಗಿದರೆ ನಿದ್ದೆ ಎಂದುಕೊಂಡೆ.

ಕಾಲು ತೊಳೆದುಕೊಂಡು ಒಳಗೆ ಬಂದ ಹತ್ತು ನಿಮಿಷಕ್ಕೆ ಮಾವ ಒಂದು ಫುಲ್‌ಸ್ಕೇಪ್ ಹಾಳೆ ಹರಡಿದರು. ಹಾಳೆಯ ತುಂಬ ನೀಲಿ ಮಸಿಯ ಮನೆಗಳು, ನಡುನಡುವೆ ಕೆಂಪು ಮಸಿಯ ಮನೆಗಳು. ನೀಲಿ ಎಂದರೆ ಓದು, ಕೆಂಪು ಎಂದರೆ ವಿಶ್ರಾಂತಿ. ಮುಕ್ಕಾಲು ಗಂಟೆ ನೀಲಿ, ಕಾಲು ಗಂಟೆ ಕೆಂಪು. ಊಟದ ಮೇಲೆ ಒಂದು ಗಂಟೆ ಪೂರ್ತಿ ಕೆಂಪು. “ನೋಡು ಮಲ್ಲಿ, ಮೂವತ್ತು ವರ್ಷ ಗುಮಾಸ್ತರನ್ನ ನೋಡಿದೀನಿ. ವಿಶ್ರಾಂತಿ ಇಲ್ಲದೆ ಕೆಲಸ ಮಾಡಿದೋರು ತಪ್ಪು ಮಾಡಿದ್ರು. ಕೆಲಸ ಮಾಡದೆ ವಿಶ್ರಾಂತಿ ತಗೊಂಡೋರು ಒಂದು ತಪ್ಪೂ ಮಾಡ್ಲಿಲ್ಲ, ಎಲ್ಲರೂ ಪ್ರಮೋಷನ್ ತಗೊಂಡ್ರು. ನಾವು ಮಧ್ಯದ ದಾರಿ ಹಿಡಿಯೋಣ” ಎಂದು ಹೇಳಿ, ಹಾಳೆಯ ಕೆಳಗೆ ‘ಓದಿ ಒಪ್ಪಿದ್ದೇನೆ’ ಎಂದು ನನ್ನಿಂದ ರುಜು ಹಾಕಿಸಿಕೊಂಡರು. ನಿವೃತ್ತರಾದ ದಿನ ಕಚೇರಿಯವರು ನೆನಪಿಗೆಂದು ಕೊಟ್ಟಿದ್ದ ಮೇಜಿನ ಗಂಟೆಯೊಂದಿತ್ತು. ಅದನ್ನು ಟಿಣ್ ಎನಿಸಿ ಮೊದಲ ನೀಲಿ ಅವಧಿಯನ್ನು ಉದ್ಘಾಟಿಸಿದರು. ಗಿರಿಜತ್ತೆ ಅಡುಗೆಮನೆಯ ಬಾಗಿಲಲ್ಲಿ ನಿಂತು ನನ್ನನ್ನು ನೋಡಿದರು. ಆ ನೋಟದಲ್ಲಿ ಕರುಣೆಯಿತ್ತು ಎಂದು ನನಗೆ ತಿಳಿದದ್ದು ಆಮೇಲೆ.

ಓದಿನ ಅವಧಿಯನ್ನು ಹೇಗೋ ಕಳೆಯಬಹುದಿತ್ತು. ಪುಸ್ತಕ ತೆರೆದು ಹುಬ್ಬು ಗಂಟಿಕ್ಕಿಕೊಂಡರೆ ದೂರದಿಂದ ಓದಿದ ಹಾಗೆಯೇ ಕಾಣುತ್ತದೆ. ಕಷ್ಟವಾದದ್ದು ವಿಶ್ರಾಂತಿ. ಮಾವನ ಪ್ರಕಾರ ಅದರಲ್ಲಿ ಮೂರು ಬಗೆ: ಮಲಗಿದ ವಿಶ್ರಾಂತಿ, ಕೂತ ವಿಶ್ರಾಂತಿ, ನಡೆಯುವ ವಿಶ್ರಾಂತಿ. ಮಲಗಿದಾಗ ಕಣ್ಣು ಮುಚ್ಚಿರಬೇಕು, ಹುಬ್ಬು ಅಲ್ಲಾಡಬಾರದು. “ಹುಬ್ಬು ಅಲ್ಲಾಡ್ತಿದೆ ಅಂದ್ರೆ ಒಳಗೆ ಏನೋ ಯೋಚನೆ ನಡೀತಿದೆ. ಬಿಡು ಅದನ್ನ” ಎಂದು ಪಕ್ಕದ ಕುರ್ಚಿಯಿಂದ ಹೇಳುತ್ತಿದ್ದರು. ಬಿಡಬೇಕು ಬಿಡಬೇಕು ಎಂದು ಯೋಚಿಸುತ್ತ ನಾನು ಇನ್ನೂ ಬಿಗಿಯಾಗುತ್ತಿದ್ದೆ. ನಡೆಯುವ ವಿಶ್ರಾಂತಿ ಎಂದರೆ ಸಂಜೆ ಯಡಿಯೂರು ಕೆರೆಯ ಏರಿಯ ಮೇಲೆ ಅವರ ಜೊತೆ ಹೋಗುವುದು. ಆ ಹೊತ್ತಿನಲ್ಲಿ ಪಾಠದ ಮಾತು ಎತ್ತಬಾರದು. ಹಾಗಾಗಿ ಅವರು ತಮ್ಮ ಸರ್ವೀಸಿನ ಮಾತು ಎತ್ತುತ್ತಿದ್ದರು. ಒಂದು ಕಡತ ಹೇಗೆ ಕಳೆಯಿತು, ಯಾರ ಮೇಜಿನಲ್ಲಿ ಸಿಕ್ಕಿತು ಎನ್ನುವುದನ್ನು ಕೆರೆಯ ಒಂದು ಸುತ್ತಿನಲ್ಲಿ ಮುಗಿಸಲಾಗದೆ ಎರಡನೆಯ ಸುತ್ತು ಹಾಕಿದ್ದೂ ಉಂಟು. ಒಂದು ಬೆಳಿಗ್ಗೆ ನಾನು ಜಗಲಿಯ ಮೇಲೆ ಅಂಗಾತ ಮಲಗಿ ಕಣ್ಣು ಮುಚ್ಚಿಕೊಂಡಿರುವಾಗ ಹಾಲು ಕೊಡಲು ಬಂದ ಮುನಿಯಪ್ಪ, “ಏನ್ ಸಾಮಿ, ಹುಡ್ಗಂಗೆ ಹುಸಾರಿಲ್ವಾ?” ಎಂದು ಕೇಳಿದ. “ಹುಷಾರಾಗಿದಾನೆ. ವಿಶ್ರಾಂತಿ ತಗೋತಿದಾನೆ” ಎಂದರು ಮಾವ. ಮುನಿಯಪ್ಪ ಸ್ವಲ್ಪ ಹೊತ್ತು ನನ್ನನ್ನೇ ನೋಡಿ, “ಪಾಪ, ಎಸ್ಟ್ ದಿನಕ್ಕೆ ವಾಸಿಯಾಯ್ತದಂತೆ?” ಎಂದ.

ವಿಚಿತ್ರವೆಂದರೆ, ನೀಲಿಯಲ್ಲಿ ಬಾರದ ಲೆಕ್ಕ ಕೆಂಪಿನಲ್ಲಿ ಬರತೊಡಗಿತು. ಐದನೆಯ ದಿನವೋ ಆರನೆಯ ದಿನವೋ, ಊಟದ ಮೇಲೆ ಕಣ್ಣು ಮುಚ್ಚಿ ಮಲಗಿದ್ದಾಗ, ವಾರದಿಂದ ಕಾಡಿಸುತ್ತಿದ್ದ ಒಂದು ಲೆಕ್ಕ ತಾನಾಗಿಯೇ ಬಿಚ್ಚಿಕೊಂಡಿತು. ಮರೆತುಹೋದೀತೆಂದು ದಿಂಬಿನ ಕೆಳಗಿದ್ದ ಪೆನ್ಸಿಲು ತೆಗೆದು, ಕಾಗದ ಸಿಗದೆ ಪಕ್ಕದ ಗೋಡೆಯ ಮೇಲೆ ಸಣ್ಣಗೆ ಬರೆದುಕೊಂಡೆ. ಹೊಸ ಸುಣ್ಣದ ಗೋಡೆ. ಸಿಕ್ಕಿಬಿದ್ದೆ. ಮಾವ ಬೈಯಲಿಲ್ಲ. ಅವರ ಕಚೇರಿಯಲ್ಲಿ ಯಾರನ್ನೂ ಬೈಯುವ ಪದ್ಧತಿ ಇರಲಿಲ್ಲವಂತೆ. ಸಂಜೆ ಕಾಫಿಯ ಲೋಟದ ಜೊತೆ ಒಂದು ಮೆಮೊ ಬಂತು: ‘ವಿಶ್ರಾಂತಿಯ ಅವಧಿಯಲ್ಲಿ ತಾವು ಅನುಮತಿಯಿಲ್ಲದೆ ಗಣಿತ ಮಾಡುತ್ತಿದ್ದುದು ಕಂಡುಬಂದಿದೆ. ಈ ಬಗ್ಗೆ ವಿವರಣೆ ಒದಗಿಸತಕ್ಕದ್ದು.’ ನಾನು ವಿವರಣೆ ಬರೆದುಕೊಟ್ಟೆ. ಅದಕ್ಕೊಂದು ಕಡತವಾಯಿತು. ಮಾರನೆಯ ದಿನದಿಂದ ಕೆಂಪು ಅವಧಿಗಳಲ್ಲಿ ಮಾವ ಕುರ್ಚಿಯನ್ನು ಇನ್ನಷ್ಟು ಹತ್ತಿರಕ್ಕೆ ಎಳೆದುಕೊಂಡು ಕೂರತೊಡಗಿದರು.

ಅಷ್ಟು ಹತ್ತಿರ ಕೂತದ್ದರಿಂದ ಒಂದು ಉಪಕಾರವಾಯಿತು. ಒಬ್ಬರ ವಿಶ್ರಾಂತಿಯನ್ನು ಗಮನವಿಟ್ಟು ನೋಡುತ್ತ ಕೂತರೆ ನೋಡುವವರಿಗೆ ನಿದ್ದೆ ಬರುತ್ತದೆ. ಹಾಗೆ ಕೂತ ಎರಡನೆಯ ದಿನಕ್ಕೇ ಮಾವ ಗೊರಕೆ ಹೊಡೆಯುವುದು ಕೇಳಿ ಮೆಲ್ಲಗೆ ಎದ್ದು ನೀರು ಕುಡಿಯಲು ಅಡುಗೆಮನೆಗೆ ಹೋದೆ. ಗಿರಿಜತ್ತೆ ಒರಳಿನ ಮುಂದೆ ಕೂತು ದೋಸೆಗೆ ರುಬ್ಬುತ್ತಿದ್ದರು. ಒಂದು ಕೈ ಗುಂಡು ತಿರುಗಿಸುತ್ತಿತ್ತು, ಇನ್ನೊಂದು ಕೈ ಹಿಟ್ಟು ನೂಕುತ್ತಿತ್ತು. ಎದುರಿಗೆ ರಾಗಿಹಿಟ್ಟಿನ ಡಬ್ಬಕ್ಕೆ ಒರಗಿಸಿದ ಒಂದು ಪುಸ್ತಕ. ಗುಂಡು ತಿರುಗುವ ಲಯಕ್ಕೆ ಸರಿಯಾಗಿ ಅತ್ತೆ ಹೇಳಿಕೊಳ್ಳುತ್ತಿದ್ದರು: “ರಾಮ್ ನೇ ರೋಟೀ ಖಾಯೀ. ಸೀತಾ ನೇ ಆಮ್ ಖಾಯಾ.” ನನ್ನನ್ನು ಕಂಡು ಗುಂಡು ನಿಂತಿತು.

“ಮಾವಂಗೆ ಹೇಳ್ಬೇಡ ಕಣೋ” ಎಂದರು. ವಿಷಯ ಹೀಗೆ. ಅತ್ತೆ ಹಿಂದಿ ಪರೀಕ್ಷೆಗೆ ಕಟ್ಟಿದ್ದರು. ಈಗಾಗಲೇ ಕೆಳಗಿನ ಎರಡು ಪರೀಕ್ಷೆ ಪಾಸಾಗಿತ್ತು. ಇದು ಮೂರನೆಯದು. ಹಬ್ಬ ಮುಗಿದ ಮೇಲಿನ ಭಾನುವಾರ ಹತ್ತು ಗಂಟೆಗೆ, ಬಸವನಗುಡಿಯ ಒಂದು ಶಾಲೆಯಲ್ಲಿ. ವಾರಕ್ಕೆರಡು ದಿನ ಭಜನೆಗೆಂದು ಮಾವನಿಗೆ ಹೇಳಿ ತ್ಯಾಗರಾಜನಗರಕ್ಕೆ ಹೋಗುತ್ತಿದ್ದರು. ಅಲ್ಲಿ ಭಜನೆ ಇರಲಿಲ್ಲ, ಒಬ್ಬ ಟೀಚರಮ್ಮ ಇದ್ದರು.

“ಮಾವ ಬೇಡ ಅಂತಾರಾ ಅತ್ತೆ?”

“ಬೇಡ ಅನ್ನೋರಲ್ಲ ಕಣೋ ಅವರು. ಟೈಮ್ ಟೇಬಲ್ ಹಾಕ್ತಾರೆ.”

ಆ ಮನೆಯಲ್ಲಿ ಈ ಮಾತನ್ನು ನನಗಿಂತ ಚೆನ್ನಾಗಿ ಅರ್ಥಮಾಡಿಕೊಳ್ಳುವವರು ಬೇರೆ ಯಾರೂ ಇರಲಿಲ್ಲ. ಅತ್ತೆ ಮತ್ತೆ ರುಬ್ಬುತ್ತ ಹೇಳಿದರು: “ತಿಪಟೂರಲ್ಲಿ ಏಳನೇ ಕ್ಲಾಸಿಗೆ ಬಿಡಿಸಿ ಮದುವೆ ಮಾಡಿದ್ರು. ಈ ಮನೇಲಿರೋ ಕಾಗದ ಎಲ್ಲದರ ಮೇಲೂ ಅವರ ಹೆಸರೇ. ಸೈಟಿನ ಕಾಗದ, ಮನೆ ಕಾಗದ, ಕರೆಂಟಿನ ಕಾಗದ. ನನ್ನ ಹೆಸರಿರೋ ಕಾಗದ ಅಂದ್ರೆ ಲಗ್ನಪತ್ರಿಕೆ ಒಂದೇ, ಅದನ್ನೂ ಇಲಿ ತಿಂತು. ಎರಡು ಸರ್ಟಿಫಿಕೇಟು ಬಂದಿದೆ. ಅಕ್ಕಿ ಡಬ್ಬದ ತಳದಲ್ಲಿದೆ. ಇದೂ ಒಂದು ಬರ್ಲಿ.” ನಾನು ಏನಾದರೂ ಕೇಳಬೇಕಲ್ಲ ಎಂದು, “ನಿಮಗೆ ವಿಶ್ರಾಂತಿ ಯಾವಾಗ ಅತ್ತೆ?” ಎಂದೆ. ಅವರು ಸ್ವಲ್ಪ ಯೋಚಿಸಿದರು. ಅಂಥ ಪ್ರಶ್ನೆಯನ್ನು ಅವರಿಗೆ ಯಾರೂ ಕೇಳಿರಲಿಲ್ಲ ಎಂದು ತೋರುತ್ತದೆ. “ರುಬ್ಬೋವಾಗ ತಲೆಗೆ ಬಿಡುವು. ಓದೋವಾಗ ಕಾಲಿಗೆ ಬಿಡುವು” ಎಂದರು.

ಅಂದಿನಿಂದ ಊಟದ ಮೇಲಿನ ಕೆಂಪು ಗಂಟೆ ನನಗೆ ಹಿಂದಿಯ ಗಂಟೆಯಾಯಿತು. ಮಾವನ ಗೊರಕೆ ಶುರುವಾದ ಕೂಡಲೇ ನಾನು ಒರಳಿನ ಮುಂದೆ ಹಾಜರು. ಗುಂಡು ನನ್ನ ಕೈಗೆ, ಪುಸ್ತಕ ಅತ್ತೆಯ ಕೈಗೆ. ನಾನು ಪ್ರಶ್ನೆ ಕೇಳಬೇಕು, ಅವರು ಹೇಳಬೇಕು. ಹಿಂದಿಯಲ್ಲಿ ರೊಟ್ಟಿ ಹೆಣ್ಣಂತೆ, ಮಾವಿನಹಣ್ಣು ಗಂಡಂತೆ. ರಾಮ ರೊಟ್ಟಿ ತಿಂದರೆ ಕ್ರಿಯಾಪದ ರಾಮನನ್ನು ಬಿಟ್ಟು ರೊಟ್ಟಿಯ ಕಡೆ ವಾಲುತ್ತದಂತೆ. “ಇದೇನ್ ಅತ್ತೆ ನ್ಯಾಯ?” ಎಂದರೆ, “ಪರವಾಗಿಲ್ಲ ಬಿಡು. ಎಲ್ಲಾದ್ರೂ ಒಂದು ಕಡೆ ಬೇಯಿಸಿದ್ದಕ್ಕೆ ಬೆಲೆ ಇದೆಯಲ್ಲ” ಎನ್ನುತ್ತಿದ್ದರು. ಕುರ್ಚಿ ಹೆಣ್ಣು ಎಂದು ಓದಿದ ದಿನ, ಹಜಾರದ ಕಡೆ ನೋಡಿ, “ಅದಕ್ಕೇ ಬಿಟ್ಟು ಏಳಲ್ಲ” ಎಂದು ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ನಕ್ಕರು. ನನ್ನ ಗಣಿತದ ಪುಸ್ತಕವೂ ಪಕ್ಕದಲ್ಲಿರುತ್ತಿತ್ತು. ಒಂದು ದಿನ ಅತ್ತೆ, “ನೀನು ಓದ್ತಿರೋದು ಏನು, ನನಗೂ ಸ್ವಲ್ಪ ಹೇಳು” ಎಂದರು. ಹೇಳಲು ಹೋದೆ. ಮೂರನೆಯ ವಾಕ್ಯಕ್ಕೆ ನನಗೇ ಅದು ತಿಳಿಯದೆಂದು ತಿಳಿಯಿತು. “ಇರ್ಲಿ ಬಿಡು, ನಿಂಗೂ ಇನ್ನೂ ಟೈಮಿದೆ” ಎಂದು ಅತ್ತೆ ಸಮಾಧಾನ ಹೇಳಿದರು. ಪರೀಕ್ಷೆಯ ಪ್ರವೇಶಪತ್ರ ಬಂದದ್ದು ಟೀಚರಮ್ಮನ ವಿಳಾಸಕ್ಕೆ. ಅದನ್ನು ಅತ್ತೆ ನನಗೆ ತೋರಿಸುತ್ತಿರುವಾಗಲೇ ಹಜಾರದಲ್ಲಿ ಕುರ್ಚಿ ಕಿರುಗುಟ್ಟಿತು. ಕೈಗೆ ಸಿಕ್ಕಿದ ನನ್ನ ಪುಸ್ತಕದೊಳಗೆ ಅದನ್ನು ತುರುಕಿದರು. ನಾನು ಹಾರಿ ಬಂದು ಹಾಸಿಗೆಯಲ್ಲಿ ಬಿದ್ದೆ. ಆಮೇಲೆ ಇಬ್ಬರೂ ಅದನ್ನು ಮರೆತೆವು.

ಭಾನುವಾರಕ್ಕೆ ಅತ್ತೆ ತ್ಯಾಗರಾಜನಗರದಲ್ಲಿ ಒಂದು ನಾಮಕರಣ ಹುಟ್ಟಿಸಿದ್ದರು. ಆದರೆ ಶನಿವಾರ ಊಟಕ್ಕೆ ಕೂತಾಗ ಮಾವ, “ನಾವೂ ಬರ್ತೀವಿ. ಮಲ್ಲಿಗೂ ನಡೆಯೋ ವಿಶ್ರಾಂತಿ ಆಗುತ್ತೆ” ಎಂದುಬಿಟ್ಟರು. ಅತ್ತೆಯ ಕೈಯಲ್ಲಿದ್ದ ಸಾರಿನ ಸೌಟು ಎಲೆಯ ಮೇಲೆಯೇ ನಿಂತಿತು. ನನಗೆ ಏನು ತೋಚಿತೋ, “ಮಾವ, ನನಗೆ ಮಲಗಿದ ವಿಶ್ರಾಂತೀನೇ ಇನ್ನೂ ಸರಿಯಾಗಿ ಬಂದಿಲ್ಲ. ನಾಳೆ ಬೆಳಿಗ್ಗೆ ನೀವು ಕೂತು ತೋರಿಸಿಕೊಟ್ರೆ ಒಳ್ಳೇದು” ಎಂದೆ. ಮೂವತ್ತು ವರ್ಷದ ಸರ್ವೀಸಿನಲ್ಲಿ ಯಾವ ಗುಮಾಸ್ತನೂ ತಾನಾಗಿ ಬಂದು ಕಲಿಸಿಕೊಡಿ ಎಂದಿರಲಿಲ್ಲವೇನೋ, ಮಾವನ ಮುಖ ಅರಳಿತು. “ನೀನು ಹೋಗಿ ಬಾ ಗಿರಿಜಾ. ನಮಗೆ ಕೆಲಸ ಇದೆ” ಎಂದರು.

ಭಾನುವಾರ ಎಂಟೂವರೆಗೆ ಅತ್ತೆ ಹೊರಟರು. ಒಂಬತ್ತಕ್ಕೆ ನನ್ನನ್ನು ಚಾಪೆಯ ಮೇಲೆ ಮಲಗಿಸಿ, ಕೈಕಾಲು ಹೇಗಿಡಬೇಕೆಂದು ತೋರಿಸಿ, ಮಾವ ಪಾಠ ಶುರುಮಾಡಿದರು. “ಮೊದಲು, ಮನಸ್ಸನ್ನ ಎಳೆಯೋ ವಸ್ತು ಹತ್ತಿರ ಇರಬಾರದು” ಎಂದು ನನ್ನ ಪಕ್ಕದಲ್ಲಿದ್ದ ಗಣಿತದ ಪುಸ್ತಕ ಎತ್ತಿಕೊಂಡರು. ಅದರೊಳಗಿಂದ ಒಂದು ಕಾಗದ ಜಾರಿ ನನ್ನ ಹೊಟ್ಟೆಯ ಮೇಲೆ ಬಿತ್ತು. ಮಾವ ಕನ್ನಡಕ ಹಾಕಿಕೊಂಡು ಓದಿದರು. ಹಿಂದಿ ಬರದಿದ್ದರೂ ಕೆಳಗೆ ಕನ್ನಡದಲ್ಲಿ ಹೆಸರಿತ್ತು, ಅತ್ತೆಯ ರುಜು ಇತ್ತು. ಹೆಂಡತಿಯ ರುಜುವನ್ನು ಅವರು ನೋಡಿದ್ದು ಅದೇ ಮೊದಲು ಎಂದು ಕಾಣುತ್ತದೆ. ಬಹಳ ಹೊತ್ತು ಅದರ ಮೇಲೆಯೇ ಕಣ್ಣಿಟ್ಟಿದ್ದರು. ಆಮೇಲೆ, “ಇದೇನು?” ಎಂದರು. ನಾನು ಮಲಗಿದಲ್ಲಿಂದಲೇ ಎಲ್ಲವನ್ನೂ ಹೇಳಿದೆ. ಏಳಬೇಕೋ ಬೇಡವೋ ತಿಳಿಯಲಿಲ್ಲ.

“ಇದಿಲ್ಲದೆ ಒಳಗೆ ಬಿಡ್ತಾರಾ?”

“ಬಿಡಲ್ಲ ಮಾವ.”

ಗಡಿಯಾರ ಒಂಬತ್ತು ಇಪ್ಪತ್ತು ತೋರಿಸುತ್ತಿತ್ತು. ಮಾವ ಬನಿಯನ್ನಿನ ಮೇಲೆಯೇ ಕೋಟು ಹಾಕಿಕೊಂಡರು. ಹಿತ್ತಲಲ್ಲಿದ್ದ ಅವರ ಹಳೆಯ ಸೈಕಲ್ಲನ್ನು ನಾನು ಹೊರಗೆ ತಂದೆ. ನಾನು ತುಳಿದೆ, ಅವರು ಹಿಂದೆ ಕ್ಯಾರಿಯರ್ ಮೇಲೆ ಕೂತರು. ಭಾನುವಾರದ ಬೆಳಿಗ್ಗೆ ರಸ್ತೆಯಲ್ಲಿ ಜನವಿರಲಿಲ್ಲ. ಏರು ಬಂದಾಗ ಮಾವ ಇಳಿದು ಹಿಂದಿನಿಂದ ನೂಕುತ್ತ ಓಡಿದರು, ಇಳುಕಲು ಬಂದಾಗ ಮತ್ತೆ ಹತ್ತಿದರು. ತ್ಯಾಗರಾಜನಗರ ದಾಟುವಾಗ ಹಿಂದಿನಿಂದ ಅವರ ದನಿ ಕೇಳಿಸಿತು. “ನನಗೆ ಯಾಕೆ ಹೇಳ್ಲಿಲ್ಲ ಅವಳು?”

ಮುಖ ಕಾಣದಿದ್ದುದರಿಂದ ನನಗೆ ಧೈರ್ಯ ಬಂತು. “ಟೈಮ್ ಟೇಬಲ್ ಹಾಕ್ತೀರಿ ಅಂತ” ಎಂದೆ.

ಶಾಲೆಯ ಗೇಟಿನ ಹೊರಗೆ ಅತ್ತೆ ಒಬ್ಬರೇ ನಿಂತಿದ್ದರು. ಉಳಿದವರೆಲ್ಲ ಒಳಗೆ ಹೋಗಿಯಾಗಿತ್ತು. ಕೈಚೀಲದಲ್ಲಿದ್ದುದನ್ನೆಲ್ಲ ಹೊರಗೆ ತೆಗೆದು ಮತ್ತೆ ಒಳಗೆ ಹಾಕುತ್ತಿದ್ದರು. ಮುಖದಲ್ಲಿ ರಕ್ತವಿರಲಿಲ್ಲ. ಸೈಕಲ್ಲಿನಿಂದ ಗಂಡ ಇಳಿದು ಬರುವುದನ್ನು ಕಂಡು ಇನ್ನಷ್ಟು ಬಿಳಿಚಿಕೊಂಡರು. ಮಾವ ಪ್ರವೇಶಪತ್ರವನ್ನು ಅವರ ಕೈಗಿತ್ತು, “ಪೆನ್ನಿಗೆ ಮಸಿ ಇದೆಯಾ?” ಎಂದು ಕೇಳಿದರು. ಅತ್ತೆ ಇದೆಯೆಂದು ತಲೆಯಾಡಿಸಿದರು. ಆದರೂ ಕೋಟಿನ ಜೇಬಿನಿಂದ ತಮ್ಮ ಪೆನ್ನು ತೆಗೆದು ಕೊಟ್ಟರು. ಅತ್ತೆ ಅದನ್ನು ತೆಗೆದುಕೊಂಡು, ಹಿಂತಿರುಗಿ ನೋಡದೆ ಒಳಗೆ ಹೋದರು. ಆಮೇಲೆ ಮೂರು ಗಂಟೆ ಮಾವ ಆ ಗೇಟಿನ ಮುಂದೆ ಅತ್ತಿಂದಿತ್ತ ಇತ್ತಿಂದತ್ತ ನಡೆದರು. “ಕೂತ್ಕೊಳ್ಳಿ ಮಾವ” ಎಂದೆ. ಮರದ ಕೆಳಗೆ ಒಳ್ಳೆಯ ಕಟ್ಟೆಯೂ ಇತ್ತು. ಅವರು ಕೂರಲಿಲ್ಲ. “ಅವಳು ಬೆಳಿಗ್ಗೆ ಏನಾದ್ರೂ ತಿಂದಿದ್ಲಾ?” ಎಂದು ನನ್ನನ್ನು ಎರಡು ಸಲ ಕೇಳಿದರು. ನನಗೆ ಗೊತ್ತಿರಲಿಲ್ಲ. ಅವರಿಗೂ ಗೊತ್ತಿರಲಿಲ್ಲ. ಹದಿನೈದು ದಿನದಿಂದ ನನ್ನ ವಿಶ್ರಾಂತಿಯ ಗದ್ದಲದಲ್ಲಿ ಅತ್ತೆಯ ಊಟ ತಿಂಡಿಯನ್ನು ನಾವಿಬ್ಬರೂ ಗಮನಿಸಿರಲಿಲ್ಲ.

ಈ ಘಟನೆಯಿಂದ ಮಾವ ಪೂರ್ತಿ ಬದಲಾದರು ಎಂದು ಬರೆದರೆ ಓದಲು ಚೆನ್ನಾಗಿರುತ್ತದೆ. ಸೋಮವಾರ ಬೆಳಿಗ್ಗೆ ಅಡುಗೆಮನೆಯ ಬಾಗಿಲಿಗೆ ಹೊಸ ಫುಲ್‌ಸ್ಕೇಪ್ ಹಾಳೆಯೊಂದು ಅಂಟಿಕೊಂಡಿತ್ತು. ಮುಂದಿನ ಹಿಂದಿ ಪರೀಕ್ಷೆಗೆ ಅತ್ತೆ ಓದಬೇಕಾದ ಕ್ರಮ, ಅದಕ್ಕೆ ಪ್ರತ್ಯೇಕವಾಗಿ ಹಸಿರು ಮಸಿ. ಅತ್ತೆ ಅದರ ಮುಂದೆ ನಿಂತು ಮೇಲಿನಿಂದ ಕೆಳಗಿನವರೆಗೆ ಓದಿದರು. “ಅಕ್ಷರ ಮುದ್ದಾಗಿದೆ” ಎಂದರು. ಮಧ್ಯಾಹ್ನಕ್ಕೆ ಅದು ಹಪ್ಪಳದ ಡಬ್ಬದ ತಳಕ್ಕೆ ಹಾಸಿತ್ತು. ಮಾವ ಹಾಳೆ ಎಲ್ಲಿ ಎಂದು ಕೇಳಲಿಲ್ಲ. ಒರಳಿನ ಮುಂದೆ ಕೂತು, ಗುಂಡು ಯಾವ ಕಡೆಗೆ ತಿರುಗಿಸಬೇಕೆಂದು ಕೇಳಿದರು.

ಇನ್ನು ನನ್ನ ವಿಷಯ. ಕಾಲೇಜು ತೆಗೆದ ದಿನ ಪ್ರೊಫೆಸರು ಮಾತು ಕೊಟ್ಟ ಹಾಗೆ ನನಗೊಬ್ಬನಿಗೇ ಪರೀಕ್ಷೆ ಕೊಟ್ಟರು. ಸಂಜೆ ಕರೆಸಿ, “ನೀನು ರಜದಲ್ಲಿ ಕಷ್ಟಪಟ್ಟು ಓದಿದೀಯ ಅನ್ನೋದು ಮುಖದಲ್ಲಿ ಕಾಣುತ್ತೆ. ಏನು ಓದಿದೀಯ ಅನ್ನೋದು ಮಾತ್ರ ಉತ್ತರಪತ್ರಿಕೆಯಲ್ಲಿ ಕಾಣ್ತಿಲ್ಲ” ಎಂದರು. ಆನರ್ಸ್ ಬಿಟ್ಟು ಸಾಮಾನ್ಯ ಡಿಗ್ರಿಗೆ ಸೇರಿ, ಹಿಂದಿ ತೆಗೆದುಕೊಂಡೆ. ರೊಟ್ಟಿ ಹೆಣ್ಣು ಎಂಬುದು ಅಷ್ಟರಲ್ಲಿ ನನಗೆ ಚೆನ್ನಾಗಿ ಗೊತ್ತಿತ್ತು. ಕೆಲವು ತಿಂಗಳ ಮೇಲೆ ಅತ್ತೆಯ ಫಲಿತಾಂಶ ಬಂತು. ಮೊದಲ ದರ್ಜೆ. ಮಾವ ಆ ದಿನವೇ ಅಮ್ಮನಿಗೆ ಕಾಗದ ಬರೆದರು. ಮಾತಾಡುವಾಗ ಯಾರ ವಿಷಯ ಎಂದು ಹೇಳದೆಯೇ ಮಾತಾಡುವುದು ನಮ್ಮ ಅಮ್ಮನ ಅಭ್ಯಾಸ. ಕಾಗದ ತಲುಪಿದ ಮಾರನೆಯ ಬೆಳಿಗ್ಗೆ ನಲ್ಲಿಯ ಹತ್ತಿರ ಬಿಂದಿಗೆ ಇಟ್ಟುಕೊಂಡು, “ಜಯನಗರದಲ್ಲಿ ಆ ರಜದಲ್ಲಿ ಕೂತು ಓದಿದ್ದು ವ್ಯರ್ಥವಾಗ್ಲಿಲ್ಲ. ಫಸ್ಟ್ ಕ್ಲಾಸ್ ಬಂತಂತೆ” ಎಂದಳು. ಸಂಜೆಯ ಹೊತ್ತಿಗೆ ಎಂಟು ಮನೆಯವರೂ ಬಂದು ನನ್ನ ಬೆನ್ನು ತಟ್ಟಿದರು. ಹೊಲಿಗೆ ಯಂತ್ರದ ಮನೆಯವರು ಕೊಬ್ಬರಿ ಮಿಠಾಯಿ ಕೊಟ್ಟರು. ಮೂಲೆಮನೆಯವರು ತಮ್ಮ ಮಗನನ್ನು ಕರೆತಂದು, “ಅಣ್ಣನ್ನ ಕೇಳು, ಹೇಗೆ ಓದ್ಬೇಕು ಹೇಳ್ತಾನೆ” ಎಂದರು. ನಿಜ ಹೇಳಬಹುದಿತ್ತು. ಆದರೆ ಬಾಯಿ ತುಂಬ ಮಿಠಾಯಿ ಇತ್ತು. ಅದು ಕರಗುವಷ್ಟರಲ್ಲಿ ಆ ಹುಡುಗನಿಗೆ, ಓದಿಗೂ ವಿಶ್ರಾಂತಿಗೂ ಸಮತೋಲನ ಹೇಗಿರಬೇಕೆಂದು ನಾನು ವಿವರಿಸಲು ಶುರುಮಾಡಿಯಾಗಿತ್ತು.